ಗಾಯ ಒಬ್ಬರಿಗೆ ಮಾಯುತ್ತಿಲ್ಲ, ಇನ್ನೊಬ್ಬರಿಗೆ ಉಬ್ಬುತ್ತಿದೆ: ನಿಮ್ಮ ಅನುಭವ ಹೇಳಿ

ಕೇಳಿದವರು:
ಅಪ್ಪನಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಕಣಕಾಲಿನ ಹತ್ತಿರ ಆದ ಗಾಯಕ್ಕೆ 7 ವಾರವಾಯಿತು, ಮುಚ್ಚುತ್ತಲೇ ಇಲ್ಲ. ನನಗೆ ಎದೆಯ ಮೇಲೆ ಮೊಡವೆ ಒಡೆದ ಜಾಗ ಗಂಟಿನಂತೆ ಉಬ್ಬಿ ತುರಿಸುತ್ತಿದೆ. ಗಾಯವನ್ನು ಗಾಳಿಗೆ ಬಿಟ್ಟರೆ ಆಕ್ಸಿಜನ್ ಸಿಕ್ಕಿ ಬೇಗ ಒಣಗುತ್ತದೆ ಎನ್ನುತ್ತಾರೆ. ನಿಜವಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಡ್ರೆಸಿಂಗ್ ರೂಮಿನ ನರ್ಸ್:
19 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ಗಾಳಿಯ ವಿಷಯ ಹೇಳಿಬಿಡುತ್ತೇನೆ. ಗಾಯದ ಆಳಕ್ಕೆ ಬೇಕಾದ ಆಕ್ಸಿಜನ್ನನ್ನು ರಕ್ತವೇ ತಂದುಕೊಡಬೇಕು. ಗಾಳಿಗೆ ಬಿಟ್ಟರೆ ಮೇಲ್ಭಾಗ ಒಣಗಿ ಹಕ್ಕಳೆ ಕಟ್ಟುತ್ತದೆ, ಅಷ್ಟೆ. ಹೊಸ ಚರ್ಮ ಅಂಚಿನಿಂದ ಒಳಕ್ಕೆ ತೆವಳಿಕೊಂಡು ಬರಬೇಕಲ್ವಾ, ಹಕ್ಕಳೆ ಅಡ್ಡ ಸಿಕ್ಕರೆ ಅದರ ಅಡಿಯಲ್ಲಿ ದಾರಿ ಮಾಡಿಕೊಳ್ಳಬೇಕಾಗುತ್ತದೆ. 1962ರಲ್ಲಿ ಜಾರ್ಜ್ ವಿಂಟರ್ ಎನ್ನುವ ಸಂಶೋಧಕರು ಇದನ್ನು ಹಂದಿಗಳಲ್ಲಿ ಪರೀಕ್ಷಿಸಿ ತೋರಿಸಿದರು. ಪಾಲಿಥೀನ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯಕ್ಕೆ ಸುಮಾರು ಎರಡು ಪಟ್ಟು ಬೇಗ ಚರ್ಮ ಬಂದಿತ್ತು.

ಗಾಯವಾದ ಕೂಡಲೇ ಆ ಜಾಗದಲ್ಲಿ ಆಕ್ಸಿಜನ್ ಕಡಿಮೆಯಾಗುವುದು ಸಹಜ. ರಕ್ತನಾಳ ಹರಿದಿರುತ್ತವೆ. ಬಿಳಿ ರಕ್ತಕಣಗಳು ನುಗ್ಗಿ ಬಂದು ಇದ್ದ ಸ್ವಲ್ಪವನ್ನೂ ಖಾಲಿ ಮಾಡುತ್ತವೆ. ಆದರೆ ಆ ಕೊರತೆಯಿಂದಲೇ ರಿಪೇರಿ ಶುರುವಾಗುತ್ತದೆ. ಕೋಶಗಳಲ್ಲಿ ಎಚ್‌ಐಎಫ್ ಎನ್ನುವ ಪ್ರೋಟೀನ್ ಹೆಚ್ಚಾಗಿ, ಹೊಸ ರಕ್ತನಾಳ ಮೊಳೆಯುತ್ತವೆ. ಆಕ್ಸಿಜನ್ ಕಡಿಮೆಯಾದದ್ದು ಕೋಶಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಕಂಡುಹಿಡಿದ ಮೂವರಿಗೆ 2019ರಲ್ಲಿ ನೊಬೆಲ್ ಬಂತು. ಉರಿಯೂತವೂ ಹೀಗೆಯೇ. ಮೊದಲ ಮೂರ್ನಾಲ್ಕು ದಿನದ ಕೆಂಪು, ಬಿಸಿ, ಊತ ಬೇಕೇ ಬೇಕು. ಕ್ರಿಮಿ, ಸತ್ತ ಮಾಂಸ ಎಲ್ಲ ಆಗಲೇ ಶುದ್ಧವಾಗುವುದು.

ಆಕ್ಸಿಜನ್ ಕೊರತೆ, ಉರಿಯೂತ ಎರಡೂ ಬಂದು ಹೋಗಬೇಕು. ಬಂದು ಅಲ್ಲೇ ಬೀಡುಬಿಟ್ಟರೆ ಕಷ್ಟ. ಆಕ್ಸಿಜನ್ ಸಾಲದಿದ್ದರೆ ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಎನ್ನುವ ಪ್ರೋಟೀನ್ ಎಳೆಗಳು ಗಟ್ಟಿಯಾಗುವುದಿಲ್ಲ. ಬಿಳಿ ರಕ್ತಕಣಗಳಿಗೆ ಕ್ರಿಮಿ ಕೊಲ್ಲುವ ಶಕ್ತಿಯೂ ಕುಂದುತ್ತದೆ. ಕ್ರಿಮಿ ಉಳಿದರೆ ಉರಿಯೂತ ನಿಲ್ಲುವುದಿಲ್ಲ, ಊತ ಜಾಸ್ತಿಯಾಗಿ ರಕ್ತ ಇನ್ನೂ ಕಡಿಮೆ ಬರುತ್ತದೆ. ನಿಮ್ಮ ತಂದೆಯವರ ಗಾಯ ಈ ಸುಳಿಯಲ್ಲಿ ಸಿಕ್ಕಿದೆಯಾ ಎನ್ನುವುದನ್ನೇ ಮೊದಲು ನೋಡಿಸಬೇಕು.

ಡ್ರೆಸಿಂಗ್ ಬಿಚ್ಚಿದಾಗ ಗಾಯದ ತಳ ಗಮನಿಸಿ. ಒದ್ದೆಯಾಗಿ, ಸಣ್ಣ ಸಣ್ಣ ಕೆಂಪು ಹರಳು ಜೋಡಿಸಿದ ಹಾಗೆ ಹೊಳೆಯುತ್ತಿದ್ದರೆ ನನಗೆ ಧೈರ್ಯ ಬರುತ್ತದೆ. ಬಿಳಿಚಿಕೊಂಡು, ಮೇಲೆ ಹಳದಿ ಲೋಳೆ ಅಂಟಿಕೊಂಡು, ಅಂಚು ಒಳಕ್ಕೆ ಮಡಚಿ ಗಟ್ಟಿಯಾಗಿದ್ದರೆ ಮುಲಾಮು ಬದಲಿಸಿ ಏನೂ ಪ್ರಯೋಜನವಿಲ್ಲ. ಕಣಕಾಲಿನ ಬಿಪಿ ಮತ್ತು ತೋಳಿನ ಬಿಪಿ ಹೋಲಿಸುವ ಪರೀಕ್ಷೆ ಕೇಳಿ, ನೋವಾಗುವುದಿಲ್ಲ. ಅನುಪಾತ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ. ತುಂಬಾ ವರ್ಷದ ಸಕ್ಕರೆ ಕಾಯಿಲೆಯಲ್ಲಿ ನಾಳ ಬಿರುಸಾಗಿ ಅಂಕಿ ಸುಳ್ಳು ಹೇಳುವುದುಂಟು. ಆಗ ಕಾಲ್ಬೆರಳಿನ ಬಿಪಿ ನೋಡುತ್ತಾರೆ. ಈ ಪರೀಕ್ಷೆ ಆಗುವ ತನಕ ಊತ ಇಳಿಯಲಿ ಎಂದು ಬಿಗಿಯಾದ ಬ್ಯಾಂಡೇಜ್ ಸುತ್ತಬೇಡಿ. ಕಪ್ಪಾಗುವುದು, ಕೀವು, ಜ್ವರ, ಹರಡುವ ಕೆಂಪು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಹೊಲಿಗೆ ಬಿಚ್ಚಿಕೊಂಡವರು:
ತಂದೆಯವರು ಸಿಗರೇಟ್ ಸೇದುತ್ತಾರಾ? ನನ್ನ ಹೊಟ್ಟೆಯ ಆಪರೇಷನ್ ಆದ ಒಂಬತ್ತನೇ ದಿನ ಹೊಲಿಗೆ ಬಾಯಿಬಿಟ್ಟಿತು. ಆಪರೇಷನ್ ಹಿಂದಿನ ದಿನದವರೆಗೂ ಸೇದಿದ್ದೆ. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ ಕೂರಬೇಕಾದ ಜಾಗದಲ್ಲಿ ಕೂರುತ್ತದೆ. ಕನಿಷ್ಠ 4 ವಾರ ಮೊದಲೇ ಬಿಡಬೇಕಿತ್ತು ಎಂದು ಆಮೇಲೆ ತಿಳಿಯಿತು. ಈಗ ಬಿಟ್ಟರೂ ಲಾಭ ಇದೆ, ದಯವಿಟ್ಟು ಹೇಳಿ ನೋಡಿ.

ಕೆಲಾಯ್ಡ್ ಇರುವವರು:
ನಿಮ್ಮ ಎದೆಯ ಗಂಟು ಮೊಡವೆಯ ಜಾಗ ದಾಟಿ ಸುತ್ತಲಿನ ಚರ್ಮಕ್ಕೆ ಹರಡಿದೆಯಾ? ಹರಡಿದ್ದರೆ ಕೆಲಾಯ್ಡ್ ಇರಬಹುದು. ಗಾಯದ ಗಡಿಯೊಳಗೇ ಉಬ್ಬಿದ್ದರೆ ಬೇರೆ ಬಗೆಯ ಕಲೆ, ಅದು ವರ್ಷ ಒಂದೂವರೆ ವರ್ಷದಲ್ಲಿ ತಾನಾಗಿಯೇ ಎಷ್ಟೋ ತಗ್ಗಬಹುದು. ಎದೆ, ಭುಜ, ಕಿವಿಯ ಹಾಲೆ ಕೆಲಾಯ್ಡ್‌ಗೆ ಹೆಸರಾದ ಜಾಗಗಳು. ಉರಿಯೂತ ಆರದೆ ಒಳಗೇ ಹೊಗೆಯಾಡುತ್ತಿದ್ದರೆ ಕೋಶಗಳು ಕೊಲಾಜನ್ ಸುರಿಯುತ್ತಲೇ ಇರುತ್ತವೆ.

ನನ್ನ ಡಾಕ್ಟರ್ ಒಂದು ಮಾತು ಹೇಳಿದ್ದರು, ಇನ್ನೂ ಮರೆತಿಲ್ಲ. ಗರ್ಭದಲ್ಲಿರುವ ಮಗುವಿಗೆ ಮೊದಲ ತಿಂಗಳುಗಳಲ್ಲಿ ಚರ್ಮ ಕೊಯ್ದರೂ ಕಲೆ ಉಳಿಯುವುದಿಲ್ಲವಂತೆ. ಅಲ್ಲಿ ಆಕ್ಸಿಜನ್ ನಮಗಿಂತ ಕಡಿಮೆ, ಆದರೆ ಉರಿಯೂತವೂ ತೀರಾ ಕಡಿಮೆ.

ಸುಮ್ನೆ ಕೊಯ್ದು ತೆಗೆಸಲು ಹೋಗಬೇಡಿ. ನಾನು ಭುಜದ್ದನ್ನು ಹಾಗೆ ತೆಗೆಸಿದೆ, ಮೊದಲಿಗಿಂತ ದೊಡ್ಡದಾಗಿ ಬಂತು. ಆಮೇಲೆ ಗಂಟಿನೊಳಗೇ ಟ್ರಯಾಮ್ಸಿನೊಲೋನ್ ಎನ್ನುವ ಸ್ಟೀರಾಯ್ಡ್ ಇಂಜೆಕ್ಷನ್, ತಿಂಗಳಿಗೊಮ್ಮೆ. ಮೊದಲ ಸಲ ಗಂಟು ಎಷ್ಟು ಗಟ್ಟಿಯಿತ್ತೆಂದರೆ ಔಷಧ ಒಳಗೆ ಹೋಗಲೇ ಇಲ್ಲ, ಒತ್ತಿ ಒತ್ತಿ ಡಾಕ್ಟರ ಹೆಬ್ಬೆರಳು ಬೆಳ್ಳಗಾಗಿತ್ತು. ಮೂರನೇ ಸಲ ಸಲೀಸಾಗಿ ಇಳಿಯಿತು. ಜೊತೆಗೆ ಸಿಲಿಕೋನ್ ಶೀಟ್, ದಿನಕ್ಕೆ 12 ಗಂಟೆಗಿಂತ ಹೆಚ್ಚು, ಮೂರು ತಿಂಗಳು. ಮೊದಲು ತುರಿಕೆ ನಿಂತಿತು, ಎತ್ತರ ಇಳಿದದ್ದು ಆಮೇಲೆ.

ಕೇಳಿದವರು:
ಪರೀಕ್ಷೆ ಮಾಡಿಸಿದೆವು. ಅಪ್ಪನ ಅನುಪಾತ 0.6 ಬಂದಿದೆ, ರಕ್ತನಾಳದ ಡಾಕ್ಟರ್ ಹತ್ತಿರ ಕಳಿಸಿದ್ದಾರೆ. ಇಷ್ಟು ದಿನ ಗಾಯದ ಮೇಲೆಯೇ ನಮ್ಮ ಕಣ್ಣಿತ್ತು. ನನ್ನದು ಕೆಲಾಯ್ಡೇ ಅಂತೆ, ಇಂಜೆಕ್ಷನ್ ಶುರುವಾಗಿದೆ.

ಡ್ರೆಸಿಂಗ್ ರೂಮಿನ ನರ್ಸ್:
ಒಳ್ಳೆಯದಾಯಿತು, ಸರಿಯಾದ ಕಡೆ ಹೋಗುತ್ತಿದ್ದೀರಿ. ಚಿಕಿತ್ಸೆ ಶುರುವಾದ ದಿನದಿಂದ ವಾರಕ್ಕೊಂದು ಫೋಟೋ ತೆಗೆಯಿರಿ. ಗಾಯದ ಪಕ್ಕ ಸ್ಕೇಲ್ ಇರಲಿ, ಬೆಳಕು ಒಂದೇ ಥರ ಇರಲಿ. 4 ವಾರದಲ್ಲಿ ಗಾಯದ ಅಳತೆ ಅರ್ಧಕ್ಕೆ ಇಳಿದರೆ ಒಳ್ಳೆಯ ಲಕ್ಷಣ, ಇಳಿಯದಿದ್ದರೆ ಮುಂದಿನ ದಾರಿ ಏನೆಂದು ಕೇಳಿ. ಮುಚ್ಚಿಕೊಂಡ ಮೇಲೂ ಹುಷಾರು. ಮೂರು ವಾರದ ಹೊಸ ಅಂಗಾಂಶಕ್ಕೆ ಮೊದಲಿದ್ದ ಬಲದ 20% ಮಾತ್ರ ಇರುತ್ತದೆ. ಪೂರ್ತಿ ಮಾಗಿದರೂ 80% ದಾಟುವುದಿಲ್ಲ. ಅಲ್ಲಿಗೆ ಉಜ್ಜುವ ಚಪ್ಪಲಿಯನ್ನು ಈಗಲೇ ತೆಗೆದಿಡಿ.