ಎಂಡೋಸ್ಕೋಪಿ ಆದ್ಮೇಲೆ ರೂಮ್ ಎಷ್ಟೊತ್ತು ಖಾಲಿ ಬಿಡ್ಬೇಕು?

ಹೊಸ_ಪಿಜಿ:
ನಾನು ಇಎನ್‌ಟಿ (ಕಿವಿ-ಮೂಗು-ಗಂಟಲು) ಪಿಜಿ ಸ್ಟೂಡೆಂಟ್, ಎರಡನೇ ವರ್ಷ. ಕೋವಿಡ್ ಟೈಮಲ್ಲಿ ಇನ್ನೂ ಎಂಬಿಬಿಎಸ್ ಮಾಡ್ತಿದ್ದೆ, ಆಗ ಓಪಿಡಿ ಹೇಗೆ ನಡೆಸಿದ್ರು ಅಂತ ಕಣ್ಣಾರೆ ನೋಡಿಲ್ಲ. ಮುಂದೆ ಅಂಥದ್ದೇ ಇನ್ನೊಂದು ಬಂದ್ರೆ ಏನ್ಮಾಡ್ಬೇಕು ಅಂತ ಪ್ರೋಟೋಕಾಲ್ ಬರೆಯೋ ಕೆಲ್ಸ ನನ್ನ ತಲೆಗೆ ಕಟ್ಟಿದಾರೆ. ಮೂಗಿನ ಎಂಡೋಸ್ಕೋಪಿ (ಮೂಗೊಳಗೆ ಸ್ಕೋಪ್ ಹಾಕಿ ನೋಡೋದು) ಆದ್ಮೇಲೆ ಒಂದು ಗಂಟೆ ರೂಮ್ ಖಾಲಿ ಬಿಡ್ಬೇಕು ಅಂತಾರೆ ಒಬ್ಬ ಸೀನಿಯರ್ರು, ಇನ್ನೊಬ್ರು ಎಲ್ಲಾ ಒರೆಸಿ ಮುಂದಿನ ಪೇಷಂಟ್ ಕರಿ ಅಂತಾರೆ. ಯಾರ್ದು ಸರಿ?

ಹಳೇ_ಹೆಡ್‌ಲೈಟ್:
ಇಬ್ರೂ ರೂಮಿನ ಗಾಳಿ ಬಗ್ಗೆ ಕೇಳ್ದೆ ಉತ್ತರ ಕೊಟ್ಟಿದಾರಲ್ಲ. ಗಂಟೆಗೆ ಎಷ್ಟು ಸಲ ರೂಮಿನ ಗಾಳಿ ಬದಲಾಗುತ್ತೆ ಅನ್ನೋದ್ರ ಮೇಲೆ ಲೆಕ್ಕ. 12 ಸಲ ಆದ್ರೆ ಗಾಳೀಲಿರೋ ಕಣಗಳಲ್ಲಿ 99% ಹೋಗೋಕೆ ಸುಮಾರು 23 ನಿಮಿಷ, 6 ಸಲ ಆದ್ರೆ 46, ಬರೀ 2 ಸಲ ಆದ್ರೆ 138 ನಿಮಿಷ. ಅದೂ ಗಾಳಿ ರೂಮಲ್ಲೆಲ್ಲಾ ಚೆನ್ನಾಗಿ ಬೆರೆತ್ರೆ ಮಾತ್ರ. ಬೀರು ಹಿಂದೆ, ಮೂಲೇಲಿ ಗಾಳಿ ನಿಂತಿದ್ರೆ ಇನ್ನೂ ಹೆಚ್ಚು ಹೊತ್ತು. ಸ್ಪ್ಲಿಟ್ ಎಸಿ ಇದೆ ಅಂತ ಸಮಾಧಾನ ಪಟ್ಕೋಬೇಡಿ, ಅದು ಒಳಗಿರೋ ಗಾಳೀನೇ ತಣ್ಣಗೆ ಮಾಡಿ ತಿರುಗಿಸುತ್ತೆ ಅಷ್ಟೇ. ಒರೆಸೋದು ಬೇರೆ ವಿಷ್ಯ, ಅದು ಟೇಬಲ್‌ಗೆ, ಗಾಳಿಗಲ್ಲ.

ಸ್ಕೋಪಕ್ಕ:
ಅದಕ್ಕಿಂತ ಮೊದ್ಲು ಕೇಳ್ಬೇಕಾದ್ದು, ಆ ಸ್ಕೋಪ್ ಇವತ್ತೇ ಬೇಕಾ? ಟ್ರೀಟ್‌ಮೆಂಟ್ ಏನೂ ಬದಲಾಗಲ್ಲ ಅಂದ್ರೆ ಮುಂದಕ್ಕೆ ಹಾಕಿ. ಕೋವಿಡಲ್ಲಿ ಮೂಗು, ಮೂಗಿನ ಹಿಂಭಾಗದಲ್ಲೇ ವೈರಸ್ ಜಾಸ್ತಿ, ಅದೂ ಲಕ್ಷಣ ಶುರುವಾಗೋ ಹೊತ್ತಿಗೇ, ಮತ್ತೆ ನಮ್ಮ ಮುಖ ಅಲ್ಲಿಂದ ಒಂದಡಿ ದೂರದಲ್ಲಿ. ಮಾಡ್ಲೇಬೇಕು ಅಂದ್ರೆ ಮಾಸ್ಕ್ ಮೂಗಿಂದ ಕೆಳಗೆ ಮಾತ್ರ ಇಳಿಸಿ, ಬಾಯಿ ಮುಚ್ಚೇ ಇರ್ಲಿ. ಮರಗಟ್ಟಿಸೋಕೆ ಸ್ಪ್ರೇ ಬೇಡ, ಔಷಧಿ ನೆನೆಸಿದ ಹತ್ತಿ ಇಡಿ. ಕ್ಯಾಮೆರಾ ಹಾಕಿ ಮಾನಿಟರ್ ನೋಡ್ಕೊಂಡು ಮಾಡಿ, ಕಣ್ಣನ್ನ ಐಪೀಸಿಗೆ ಅಂಟಿಸ್ಕೊಂಡು ಕೂರಬೇಡಿ. 2020ರಲ್ಲಿ ಒಬ್ಬ ಪೇಷಂಟ್ ಸ್ಕೋಪ್ ಒಳಗಿದ್ದಾಗ್ಲೇ ಸೀನಿದ್ರು, ಆಮೇಲೆ ಫೇಸ್ ಶೀಲ್ಡನ್ನ ಬೆಳಕಿಗೆ ಹಿಡಿದು ನೋಡ್ದೆ, ಸಾಸಿವೆ ಎರಚಿದಂಗೆ ಹನಿಗಳು. ಅವತ್ತಿಂದ ಶೀಲ್ಡ್ ಇಲ್ದೆ ಕುರ್ಚಿ ಹತ್ರ ಹೋಗಲ್ಲ.

ಹಳೇ_ಹೆಡ್‌ಲೈಟ್:
ಒಪ್ಪಿದೆ, ಸ್ಕೋಪಿಗಿಂತ ಆ ಸೀನು, ಕೆಮ್ಮೇ ಅಪಾಯ. ಆದ್ರೆ ನಾವು ಎಡವೋದು ಪಿಪಿಇ ಬಿಚ್ಚುವಾಗ. ಹಣೆಗೆ ಕಟ್ಟೋ ಹೆಡ್‌ಲೈಟ್ ಮೇಲೆ ಶೀಲ್ಡ್ ಸರಿಯಾಗಿ ಕೂರಲ್ಲ, ಒಳಗೆ ಮಂಜು ಹಿಡಿಯುತ್ತೆ, ಕೈ ತಾನಾಗೇ ಮುಖಕ್ಕೆ ಹೋಗುತ್ತೆ. ಬಿಚ್ಚುವಾಗ ಒಬ್ರು ಎದುರು ನಿಂತು ನೋಡ್ತಿರ್ಬೇಕು, ಎನ್‌95 ರೂಮಿಂದ ಹೊರಗೆ ಬಂದ್ಮೇಲೆ ಕೊನೇಲಿ, ಅದೂ ಹಿಂದಿನ ಪಟ್ಟಿ ಹಿಡಿದು. ಗಡ್ಡ ಇದ್ರೆ ಎನ್‌95 ಮುಖಕ್ಕೆ ಕಚ್ಚಲ್ಲ, ಇದನ್ನ ಹೇಳಿದ್ರೆ ನಮ್ಮಲ್ಲಿ ಕೆಲವ್ರಿಗೆ ಸಿಟ್ಟು ಬರುತ್ತೆ. ವಾಲ್ವ್ ಇರೋದೂ ಬೇಡ, ನಾವು ಬಿಡೋ ಉಸಿರು ಹಾಗೇ ಪೇಷಂಟ್ ಕಡೆ ಹೋಗುತ್ತೆ.

ಹೊಸ_ಪಿಜಿ:
ಥ್ಯಾಂಕ್ಸ್ ಸರ್, ಮೇಡಂ. ಟ್ರೇಕಿಯಾಸ್ಟಮಿ (ಉಸಿರಾಡೋಕೆ ಕುತ್ತಿಗೇಲಿ ಟ್ರೇಕಿಯಾ, ಅಂದ್ರೆ ಶ್ವಾಸನಾಳ, ತೆರೆದು ಟ್ಯೂಬ್ ಹಾಕೋದು), ಮಾಸ್ಟಾಯ್ಡ್ ಡ್ರಿಲ್ಲಿಂಗ್ (ಕಿವಿ ಹಿಂದಿನ ಮೂಳೆ ಕೊರೆಯೋದು) ಬಗ್ಗೆ ಏನು ಬರೀಲಿ?

ಸ್ಕೋಪಕ್ಕ:
ಟ್ರೇಕಿಯಾಗೆ ಕತ್ತರಿ ಹಾಕೋ ಮುಂಚೆ ಅನಸ್ತೇಶಿಯಾದವ್ರಿಗೆ ಬಾಯಿಬಿಟ್ಟು ಹೇಳಿ, ಮೊದ್ಲೇ ಹಾಕಿರೋ ಉಸಿರಾಟದ ಟ್ಯೂಬ್ ಕೆಳಗೆ ತಳ್ಳಿ ಕಫ್ (ಟ್ಯೂಬಿನ ಸುತ್ತ ಇರೋ ಗಾಳಿ ಬಲೂನು) ಉಬ್ಬಿಸಿ ವೆಂಟಿಲೇಟರ್ ನಿಲ್ಸಿದ್ಮೇಲೇ ತೆರೀಬೇಕು, ಹೊಸ ಟ್ಯೂಬ್ ಕಫ್ ಉಬ್ಬಿಸಿ ವೆಂಟಿಲೇಟರ್ ಪೈಪಿಗೆ ಸೇರ್ಸಿದ್ಮೇಲೇ ಮತ್ತೆ ಗಾಳಿ ಬಿಡ್ಬೇಕು. ಮಾಸ್ಟಾಯ್ಡ್ ಅಂದ್ರೆ ಬರೀ ಮೂಳೆ ಅಂದ್ಕೋಬೇಡಿ, ಮಧ್ಯಕಿವಿಯ ಒಳಪದರ ಯುಸ್ಟೇಶಿಯನ್ ಟ್ಯೂಬ್ ಮೂಲಕ ಮೂಗಿನ ಹಿಂದಕ್ಕೇ ಸೇರುತ್ತೆ, ಮೇಲೆ ನೀರು ಬಿಟ್ಕೊಂಡು ಡ್ರಿಲ್ ಮಾಡಿದ್ರೆ ಹನಿ ಹಾರೋದು ಗ್ಯಾರಂಟಿ. ತುರ್ತಿಲ್ಲದ್ದನ್ನ ಮುಂದೂಡಿ. ಆಮೇಲೆ ಸ್ಕೋಪಿಗೆ ಅಂಟಿದ ಸಿಂಬಳ ಒಣಗೋಕೆ ಬಿಡ್ಬೇಡಿ, ಅಲ್ಲೇ ಒರೆಸಿ ತೊಳೀರಿ, ಗಲೀಜು ಹಾಗೇ ಇದ್ರೆ ಡಿಸಿನ್ಫೆಕ್ಟಂಟ್ ಅದ್ರ ಕೆಲ್ಸ ಮಾಡಲ್ಲ.

ಹೊಸ_ಪಿಜಿ:
ಅಪ್ಡೇಟ್: ಮೇಂಟೆನೆನ್ಸ್‌ನವ್ರನ್ನ ಕೇಳ್ದೆ. ನಮ್ಮ ಸ್ಕೋಪ್ ರೂಮಿಗೆ ಎಕ್ಸಾಸ್ಟ್ ಫ್ಯಾನೇ ಇಲ್ವಂತೆ, ಇರೋ ಒಂದು ಕಿಟಕೀನೂ ಎಸಿ ಹಾಕಿದಾಗ ಮೊಳೆ ಹೊಡ್ದು ಮುಚ್ಚಿದಾರೆ. ಪ್ರೋಟೋಕಾಲಿನ ಮೊದಲ್ನೇ ಸಾಲು ಆ ಕಿಟಕೀದೇ.