ಅಪ್‌ಡೇಟ್: ವ್ಯಾನ್ ಹೀಟರ್ ಮುಂದಿಂದೂ ಹಿಂದಿಂದೂ ಸರಿ ಹೋಯ್ತು

ಹೋದ ವಾರ ಕೇಳಿದ್ನಲ್ಲ, ನಮ್ಮ 12 ಸೀಟಿನ ವ್ಯಾನಲ್ಲಿ ಮುಂದಿನ ಹೀಟರ್ ರೇಸ್ ಮಾಡಿದ್ರೆ ಮಾತ್ರ ಬಿಸಿ, ಗಾಡಿ ನಿಂತ್ರೆ ತಣ್ಣಗೆ, ಹಿಂದಿನದ್ರಲ್ಲಂತೂ ಬರೀ ಥಂಡಿ ಗಾಳಿ ಅಂತ, ಕೊನೆಗೂ ಕಾರಣ ಸಿಕ್ತು. ಚಿಕ್ಕಬಳ್ಳಾಪುರದಿಂದ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಟ್ರಿಪ್ ಹೊಡಿಯೋನು ನಾನು, ಡಿಸೆಂಬರ್ ಚಳೀಲಿ ಹಿಂದಿನ ಸೀಟಲ್ಲಿ ಮಕ್ಕಳು ನಡುಗೋದು ನೋಡಕ್ಕಾಗ್ತಿರ್ಲಿಲ್ಲ.

ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದ್ರೆ ಕೂಲೆಂಟ್ (ಇಂಜಿನ್ ಬಿಸಿ ಹೀರ್ಕೊಂಡು ಹೀಟರ್‌ಗೂ ತಲುಪಿಸೋ ದ್ರವ) ಸುಮಾರು ಕಮ್ಮಿ ಆಗಿತ್ತು, ಇದ್ದದ್ದೂ ರಾಗಿ ಅಂಬಲಿ ಥರ ಕಂದು ಬಣ್ಣ. ಹಳೇ ಓನರ್ ಬೋರ್ ನೀರು ಹಾಕ್ಕೊಂಡು ಓಡಿಸಿದ್ರಂತೆ, ನಮ್ಮ ಕಡೆ ಗಡಸು ನೀರು ದಯವಿಟ್ಟು ಯಾರೂ ಹಾಕ್ಬೇಡಿ, ಒಳಗೆ ಸುಣ್ಣದ ಥರ ಪದರ ಕಟ್ಟಿ ಗಟ್ಟಿ ಆಗತ್ತೆ. ಒಂದು ಹೋಸ್ ಕ್ಲಿಪ್ ಹತ್ರ ಲೀಕು, ಅದ್ರಿಂದ ಏರ್ ಲಾಕ್, ಅಂದ್ರೆ ಒಳಗೆ ಗಾಳಿ ಸಿಕ್ಕೊಂಡು ಕೂಲೆಂಟ್ ಸರಿಯಾಗಿ ಹರೀತಿರ್ಲಿಲ್ಲ, ಮುಂದಿನದ್ರ ತೊಂದ್ರೆ ಅಷ್ಟೇ.

ಹಿಂದಿನದಕ್ಕೆ ನೀವು ಹೇಳಿದಂಗೆ ಆ ಹೀಟರ್‌ಗೆ ಕೂಲೆಂಟ್ ಹೋಗಿ ಬರೋ ಎರಡೂ ಪೈಪ್ ಮುಟ್ಟಿ ನೋಡ್ದೆ, ಒಳಗೆ ಹೋಗೋದು ಸುಡ್ತಿದೆ, ವಾಪಸ್ ಬರೋದು ತಣ್ಣಗೆ, ಅಂದ್ರೆ ಹೀಟರ್ ಕೋರ್ (ಗಾಳಿ ಬಿಸಿ ಮಾಡೋ ಚಿಕ್ಕ ರೇಡಿಯೇಟರ್) ಕಟ್ಕೊಂಡಿದೆ. ಮೆಕ್ಯಾನಿಕ್ ಅಣ್ಣ ವಾಪಸ್ ಪೈಪಿಂದ ಉಲ್ಟಾ ನೀರು ಬಿಟ್ರು, ತುಕ್ಕು ಪುಡಿ ಪುಡಿಯಾಗಿ ಬಂತು. ಆಮೇಲೆ ಹೊಸ ಕೂಲೆಂಟ್ ತುಂಬಿ, ಮೂತಿ ಮೇಲಾಗೋ ಹಂಗೆ ಗಾಡಿ ಇಳಿಜಾರಲ್ಲಿ ನಿಲ್ಸಿ, ಹೀಟರ್ ಫುಲ್ ಬಿಸಿಗಿಟ್ಟು, ಒಳಗಿನ ಗಾಳಿ ಹೊರಗೆ ಹೋಗ್ಲಿ ಅಂತ ಗುಳ್ಳೆ ನಿಲ್ಲೋವರ್ಗೂ ಇಂಜಿನ್ ಓಡಿಸಿದ್ವಿ. ನಿನ್ನೆ ಟ್ರಿಪ್ಪಲ್ಲಿ ಕೊನೇ ಸೀಟಿನ ಅಜ್ಜಿ ಶಾಲು ತೆಗೆದು ಮಡಿಲಲ್ಲಿಟ್ಕೊಂಡ್ರು. ಪೈಪ್ ಮುಟ್ಟಿ ನೋಡಿ ಅಂದೋರಿಗೆ ತುಂಬಾ ಥ್ಯಾಂಕ್ಸ್.