ಹುಣ್ಣಾದ ರಕ್ತನಾಳದ ಗಡ್ಡೆಯಲ್ಲಿ ಕೋಶವಿಭಜನೆ ಕಂಡಾಗ ಏನೆಂದು ವರದಿ ಬರೆಯಬೇಕು?

ಪ್ರಶ್ನೆ (ಶಿರಸಿ)
ಮಾನ್ಯರೇ, ಅಡಿಕೆ ಸುಲಿಯುವ ಮಹಿಳೆಯೊಬ್ಬರ ಬೆರಳಿನಲ್ಲಿ ಕೆಲವೇ ವಾರಗಳಲ್ಲಿ ಬೆಳೆದು, ಮುಟ್ಟಿದರೆ ರಕ್ತ ಒಸರುತ್ತಿದ್ದ ಕೆಂಪು ಗಂಟಿನ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದೇನೆ. ಮೇಲ್ಭಾಗ ಹುಣ್ಣಾಗಿದೆ, ಉರಿಯೂತದ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳಿವೆ, ರಕ್ತನಾಳದ ಒಳಪದರದ ಎಂಡೋಥೀಲಿಯಲ್ ಕೋಶಗಳು ಉಬ್ಬಿದ್ದು ಅಲ್ಲಲ್ಲಿ ವಿಭಜನೆಗೊಳ್ಳುತ್ತಿವೆ. ಪಯೋಜೆನಿಕ್ ಗ್ರಾನುಲೋಮಾ (ಕ್ಯಾನ್ಸರ್ ಅಲ್ಲದ ರಕ್ತನಾಳದ ಗಡ್ಡೆ) ಎಂದೇ ತೋರುತ್ತಿದ್ದರೂ ಆಂಜಿಯೋಸಾರ್ಕೋಮಾ (ರಕ್ತನಾಳದ ಕ್ಯಾನ್ಸರ್) ಇರಬಹುದೇ ಎಂಬ ಶಂಕೆ ಬಿಡುತ್ತಿಲ್ಲ.

ಉತ್ತರ (ಕಾರವಾರ)
ಮೊದಲು ಅತಿ ಕಡಿಮೆ ವರ್ಧನೆಯಲ್ಲಿ ಇಡೀ ಗಡ್ಡೆಯನ್ನು ನೋಡಿ. ಹುಣ್ಣಾದ ಮೇಲ್ಭಾಗ ಯಾವ ಗಾಯದಲ್ಲಾದರೂ ಕಾಣುವ ಗ್ರಾನುಲೇಶನ್ ಅಂಗಾಂಶದಂತೆಯೇ (ಗಾಯ ಮಾಯುವಾಗ ಬೆಳೆಯುವ ಹೊಸ ಅಂಗಾಂಶ) ಇರುವುದರಿಂದ ಅಲ್ಲಿ ನಿರ್ಧಾರ ಸಿಗುವುದಿಲ್ಲ. ಆಳದಲ್ಲಿ ಸಣ್ಣ ಲೋಮನಾಳಗಳು ಗೊಂಚಲು ಗೊಂಚಲಾಗಿ, ನಡುವೆ ನಾರಿನ ಪಟ್ಟಿಗಳಿಂದ ಬೇರ್ಪಟ್ಟು ನಿಂತಿವೆಯೇ, ಅಂಚಿನಲ್ಲಿ ಎಪಿಡರ್ಮಿಸ್ (ಚರ್ಮದ ಹೊರಪದರ) ಒಳಕ್ಕೆ ಬಾಗಿ ಗಡ್ಡೆಯನ್ನು ಕಾಲರಿನಂತೆ ಸುತ್ತುವರಿದಿದೆಯೇ ಎಂಬುದನ್ನು ಗಮನಿಸಿ. ಈ ರಚನೆಯ ಕಾರಣಕ್ಕಾಗಿಯೇ 1980ರಲ್ಲಿ ಪಯೋಜೆನಿಕ್ ಗ್ರಾನುಲೋಮಾವನ್ನು ಲಾಬ್ಯುಲರ್ ಕ್ಯಾಪಿಲರಿ ಹೆಮಾಂಜಿಯೋಮಾ ಎಂದು ಕರೆಯಬೇಕೆಂದು ಸೂಚಿಸಲಾಯಿತು. ಹೊಸದಾಗಿ ಬೆಳೆಯುತ್ತಿರುವ ಗಡ್ಡೆಯಲ್ಲಿ ವಿಭಜನೆಗಳು ಹೇರಳವಾಗಿರಬಹುದು. ಅದೊಂದರಿಂದಲೇ ಕ್ಯಾನ್ಸರ್ ಎನ್ನಲಾಗದು. ಆಂಜಿಯೋಸಾರ್ಕೋಮಾದಲ್ಲಿ ಒಂದಕ್ಕೊಂದು ಕೂಡಿಕೊಂಡ, ಅಂಕುಡೊಂಕಾದ ನಾಳಗಳು ಕೊಲಾಜನ್ ಎಳೆಗಳನ್ನು ಸೀಳಿಕೊಂಡು ಹರಡುತ್ತವೆ, ಗಾಢ ಬಣ್ಣದ ವಿಕಾರ ಕೋಶಕೇಂದ್ರಗಳು ಪದರಗಟ್ಟುತ್ತವೆ.

ಉತ್ತರ (ಕುಮಟಾ)
ನ್ಯೂಟ್ರೋಫಿಲ್‌ಗಳು ಎಲ್ಲಿವೆ ಎಂಬುದನ್ನೂ ದಯವಿಟ್ಟು ತಿಳಿಸಿ. ಹುಣ್ಣಿನ ಬುಡದಲ್ಲಿ ಅವು ಸಹಜ. ಆದರೆ ಆಳದಲ್ಲಿಯೂ ಚದುರಿದ್ದು, ಜೊತೆಗೆ ನೇರಳೆ ಛಾಯೆಯ ಹರಳು ಹರಳಾದ ಗುಂಪುಗಳು ಕಂಡರೆ ಬ್ಯಾಸಿಲರಿ ಆಂಜಿಯೋಮಟೋಸಿಸ್ ಇರಬಹುದು. ವಾರ್ಥಿನ್–ಸ್ಟಾರಿ ಬಣ್ಣ ಹಾಕಿ ಅದಕ್ಕೆ ಕಾರಣವಾದ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾವನ್ನು ಹುಡುಕಬೇಕು, ರೋಗಿಯ ಎಚ್‌ಐವಿ ಸ್ಥಿತಿಯನ್ನು ಕೇಳಬೇಕು. ಆ್ಯಂಟಿಬಯೋಟಿಕ್‌ನಿಂದ ಗುಣವಾಗುವ ಕಾಯಿಲೆಯಾದ್ದರಿಂದ ಇದನ್ನು ಬಿಡುವಂತಿಲ್ಲ. ಕದಿರಿನಾಕಾರದ ಕೋಶಗಳ ನಡುವೆ ಸೀಳಿನಂಥ ಜಾಗಗಳಿದ್ದರೆ ಕಪೋಸಿ ಸಾರ್ಕೋಮಾ ಎಂಬ ರಕ್ತನಾಳದ ಕ್ಯಾನ್ಸರಿಗಾಗಿ, ಅದಕ್ಕೆ ಕಾರಣವಾದ ವೈರಸ್ ಎಚ್‌ಎಚ್‌ವಿ-8 ಪರೀಕ್ಷೆ ಮಾಡಿಸಿ.

ಪ್ರಶ್ನೆ ಕೇಳಿದವರು (ಶಿರಸಿ)
ಗೊಂಚಲುಗಳು ಆಳದಲ್ಲಿ ಸ್ಪಷ್ಟವಾಗಿವೆ, ಕಾಲರೂ ಇದೆ. ನ್ಯೂಟ್ರೋಫಿಲ್‌ಗಳು ಹುಣ್ಣಿನ ಕೆಳಗೆ ಮಾತ್ರ. ಗ್ಲುಟ್-1 ಎಂಬ ಪ್ರೋಟೀನಿನ ಬಣ್ಣಪರೀಕ್ಷೆ ಮಾಡಿಸಲೇ?

ಉತ್ತರ (ಕಾರವಾರ)
ಬೇಡ, ಅದು ಶಿಶುಗಳ ಹೆಮಾಂಜಿಯೋಮಾವನ್ನು ಗುರುತಿಸಲು ನೆರವಾಗುತ್ತದೆ, ಇಲ್ಲಿ ಲಾಬ್ಯುಲರ್ ಕ್ಯಾಪಿಲರಿ ಹೆಮಾಂಜಿಯೋಮಾ ಎಂಬ ನಿರ್ಣಯವನ್ನು ಬದಲಿಸುವುದಿಲ್ಲ. ಬೆರಳಿನ ಗಂಟಾದ್ದರಿಂದ, ಬಣ್ಣವಿಲ್ಲದ ಮೆಲನೋಮಾ (ಮೆಲನೋಸೈಟ್ ಎಂಬ ವರ್ಣಕೋಶಗಳ ಕ್ಯಾನ್ಸರ್) ಹೊರನೋಟಕ್ಕೆ ಹೀಗೆಯೇ ಕಾಣುತ್ತದೆ ಎಂಬುದನ್ನು ಮರೆಯದೆ, ಹುಣ್ಣಿನ ಪಕ್ಕದ ಎಪಿಡರ್ಮಿಸ್‌ನಲ್ಲಿ ವಿಕಾರ ಮೆಲನೋಸೈಟ್‌ಗಳ ಗುಂಪುಗಳಿವೆಯೇ ಎಂದು ನೋಡಿ. ಅನುಮಾನವಿದ್ದರೆ ಮೆಲನೋಸೈಟ್ ಗುರುತಿಸಲು ನೆರವಾಗುವ ಎಸ್-100 ಮತ್ತು ಸಾಕ್ಸ್-10 ಬಣ್ಣಪರೀಕ್ಷೆ ಮಾಡಿಸಿ. ಗಡ್ಡೆ ಕತ್ತರಿಸಿದ ಬುಡವನ್ನು ತಾಗಿದ್ದರೆ ವರದಿಯಲ್ಲಿ ನಮೂದಿಸಿ, ಏಕೆಂದರೆ ಉಳಿದ ಗೊಂಚಲಿನಿಂದ ಅದು ಮತ್ತೆ ಬೆಳೆಯುವುದುಂಟು.